ಆಷಾಢದಲ್ಲಿ ಆ ಹುಡುಗರು ಎಲ್ಲಿ ಮಲಗುತ್ತಾರೆ?

ಕುವೆಂಪುನಗರದ ಕಾಫಿ · ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ಈ ವರ್ಷ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಬೇಡ, ಆ ದುಡ್ಡಿನಲ್ಲಿ ಮನೆ ಇಲ್ಲದ ಮಕ್ಕಳ ಬಗ್ಗೆ ಜನಕ್ಕೆ ತಿಳಿಸುವ ಕೆಲಸ ಏನಾದರೂ ಮಾಡೋಣ ಅಂತ ನಮ್ಮ ಬೀದಿಯ ಸಂಘದಲ್ಲಿ ಬಾಯಿಬಿಟ್ಟೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ನೋಡಿದರೆ ಎಲ್ಲರೂ ಒಪ್ಪಿಬಿಟ್ಟರು. "ಸರಿ, ಬೋರ್ಡಿನಲ್ಲಿ ಏನು ಬರೆಸೋದು, ನೀವೇ ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಯೋಚನೆ ಹುಟ್ಟಿದ್ದು ಹೀಗೆ. ಮೇ ತಿಂಗಳಲ್ಲಿ ನೆಂಟರ ಮದುವೆಗೆ ಹೋಗಿದ್ದೆ, ಮೈಸೂರಿನಲ್ಲೇ. ಪಂಕ್ತಿಯಲ್ಲಿ ಹದಿನಾರು ಹದಿನೇಳರ ಒಬ್ಬ ಹುಡುಗ ಒಬ್ಬಟ್ಟು ಬಡಿಸುತ್ತಿದ್ದ. ನನಗೆ ಸಕ್ಕರೆ ಕಾಯಿಲೆ. ಹೆಂಡತಿ ಎದುರು ಸಾಲಿನಲ್ಲೇ ಕೂತಿದ್ದಳು. ಅವಳು ಪಕ್ಕಕ್ಕೆ ತಿರುಗಿದಾಗ ಇನ್ನೊಂದು ಹಾಕು ಅಂತ ಕಣ್ಸನ್ನೆ ಮಾಡಿದೆ. ಹಾಕಿ, ಮೇಲೆ ತುಪ್ಪ ಬೇರೆ ಸುರಿದು, ನಕ್ಕು ಮುಂದಕ್ಕೆ ಹೋದ.

ಕಳೆದ ವಾರ ಬೆಂಗಳೂರಿನಿಂದ ಬಂದು ಬೆಳಗಿನ ಜಾವ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಜಿಟಿಜಿಟಿ ಮಳೆ. ಬೆಂಚಿನ ಮೇಲೆ ಮಲಗಿದ್ದ ಒಬ್ಬ ಹುಡುಗ ಎದ್ದು ಕೂತು, "ಸಾರ್, ನೀವು ಎರಡು ಒಬ್ಬಟ್ಟು ಹಾಕಿಸ್ಕೊಂಡೋರು ಅಲ್ವಾ?" ಅಂದ. ಇಲ್ಲಿ ಯಾಕಪ್ಪಾ ಮಲಗಿದ್ದೀಯ ಅಂದೆ. "ಆಷಾಢ ಅಲ್ವಾ ಸಾರ್" ಅಂದ.

ಅರ್ಥ ಆಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮದುವೆ ಇದ್ದರೆ ಕಲ್ಯಾಣ ಮಂಟಪದಲ್ಲೇ ಊಟ, ಅಲ್ಲೇ ಉಗ್ರಾಣದ ಮೂಲೆಯಲ್ಲಿ ನಿದ್ದೆ. ಮದುವೆ ಇಲ್ಲದ ತಿಂಗಳು ಬಸ್ ಸ್ಟ್ಯಾಂಡು. ಐವತ್ತು ರೂಪಾಯಿ ಕೊಟ್ಟು ಆಟೋ ಹತ್ತಿ ಬಂದೆ. ಅವತ್ತಿನಿಂದ ಒಬ್ಬಟ್ಟಿನ ಹೆಸರು ಎತ್ತಿದರೆ ಸಂಕಟ ಆಗುತ್ತದೆ.

ಬೋರ್ಡಿಗೆ ಏನು ಬರೆಸಲಿ? ಫೋಟೋ ಹಾಕಿಸುವ ಯೋಚನೆಯೂ ಇದೆ.

ಸೈಕಲ್ ತುಳಿಯೋನು · ಭಾನುವಾರ, ರಾತ್ರಿ 9:40

ಅಣ್ಣಾ, ನಿಮ್ಮ ಮನಸ್ಸು ಒಳ್ಳೇದು. ಆದರೆ ನಿಜ ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಇಂಥ ಹುಡುಗರನ್ನ ಹಾಸ್ಟೆಲಿಗೆ ಸೇರಿಸಿದರೂ ಓಡಿಬರುತ್ತಾರೆ. ರೈಲ್ವೆ ಸ್ಟೇಷನ್ ಕಡೆ ನಾನೇ ನೋಡಿದ್ದೀನಿ, ಬಟ್ಟೆಗೆ ಪಂಕ್ಚರ್ ಸಲ್ಯೂಷನ್ ಹಾಕಿ ಮೂಗಿಗೆ ಹಿಡ್ಕೊಂಡು ಕೂತಿರ್ತಾರೆ. ನಿಮ್ಮ ಐವತ್ತು ರೂಪಾಯಿ ಎಲ್ಲಿಗೆ ಹೋಯಿತು ಅಂತ ಯೋಚನೆ ಮಾಡಿ. ಬೋರ್ಡು ಹಾಕಿದರೆ ಏನು ಬದಲಾಗುತ್ತೆ? ಆರ್ಕೆಸ್ಟ್ರಾನೇ ವಾಸಿ, ನಾಲ್ಕು ಜನ ಹಾಡೋರಿಗೆ ಕೂಲಿ ಸಿಗುತ್ತೆ.

ಹಳೇ ಡೈರಿ · ಭಾನುವಾರ, ರಾತ್ರಿ 10:25

ಸೈಕಲ್ ಅವರೇ, ಸಲ್ಯೂಷನ್ ವಿಷಯ ಸುಳ್ಳಲ್ಲ. ಆದರೆ ನೀವು ಅದನ್ನು ತಿರುಗಾಮುರುಗಾ ಮಾಡಿದಿರಿ. ಅದರ ಚಟಕ್ಕೆ ಬೀದಿಗೆ ಬಂದ ಮಕ್ಕಳನ್ನು ನಾನು ಕಂಡಿದ್ದು ಕಮ್ಮಿ. ಬೀದಿಗೆ ಬಂದ ಮೇಲೆ ಅಂಟಿಸಿಕೊಂಡವರೇ ಜಾಸ್ತಿ. "ಅದನ್ನ ಮೂಸಿದ್ರೆ ಹೊಟ್ಟೆ ಸುಮ್ನಿರುತ್ತೆ ಅಕ್ಕಾ" ಅಂದಿದ್ದ ಒಬ್ಬ. ಒಂಬತ್ತು ವರ್ಷ ಇರಬೇಕು ಅವನಿಗೆ.

ನಾನು ಮಕ್ಕಳ ಸಮಾಲೋಚಕಿಯಾಗಿ ಮೈಸೂರಿನಲ್ಲಿ ತುಂಬಾ ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಹಾಸ್ಟೆಲಿನಿಂದ ಓಡಿಬರುತ್ತಾರೆ ಅನ್ನೋದೂ ನಿಜ. ದಿನಕ್ಕೆ ಇನ್ನೂರು ರೂಪಾಯಿ ದುಡಿದು, ಬೇಕಾದಾಗ ಪರೋಟ ತಿಂದು, ರಾತ್ರಿ ಎಲ್ಲಿ ಮಲಗಬೇಕು ಅಂತ ತಾನೇ ತೀರ್ಮಾನ ಮಾಡುತ್ತಿದ್ದ ಹುಡುಗನನ್ನು ಗೇಟಿನ ಒಳಗೆ ಕೂರಿಸಿ ಗಂಟೆ ಹೊಡೆದರೆ ಅವನು ಇರುತ್ತಾನಾ? ಅದಕ್ಕೇ ಬಾಲನ್ಯಾಯ ಕಾಯ್ದೆಯಲ್ಲಿ ತೆರೆದ ತಂಗುದಾಣ ಅಂತ ಬೇರೆಯೇ ಒಂದು ಏರ್ಪಾಡು ಇದೆ. ಸ್ವಲ್ಪ ಕಾಲ ಉಳಿದುಕೊಂಡು, ನಂಬಿಕೆ ಬಂದ ಮೇಲೆ ಮುಂದಿನ ಮಾತು.

ಕಾಫಿ ಸಾರ್, ನಿಮಗೆ ಎರಡು ವಿಷಯ.

ಒಂದು, ಫೋಟೋ ಬೇಡವೇ ಬೇಡ. ಇಂಥ ಮಕ್ಕಳ ಮುಖ, ಹೆಸರು, ಶಾಲೆ, ವಿಳಾಸ ಬಹಿರಂಗ ಮಾಡಬಾರದು ಅಂತ ಅದೇ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಕಾನೂನು ಬಿಡಿ. ಆ ಹುಡುಗ ನಾಳೆ ನಿಮ್ಮ ಬೀದಿಯಲ್ಲೇ ಬಡಿಸಲು ಬಂದರೆ?

ಎರಡು, 'ಬೀದಿ ಮಕ್ಕಳಿಗೆ ಸಹಾಯ ಮಾಡಿ' ಅಂತ ಬರೆಸಬೇಡಿ. ಅದನ್ನು ಓದಿದವರು ನಿಮ್ಮ ಹಾಗೆಯೇ ಐವತ್ತು ರೂಪಾಯಿ ಕೊಟ್ಟು ಆಟೋ ಹತ್ತುತ್ತಾರೆ. (ಕುಟುಕಿದೆ, ಕ್ಷಮಿಸಿ.) ಬರೆಸಬೇಕಾದ್ದು 1098. ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲಿ ಶುರುವಾಗಿದ್ದು, 2023ರಿಂದ ಸರ್ಕಾರವೇ ನಡೆಸುತ್ತಿದೆ. ದಿನದ 24 ಗಂಟೆ, ದುಡ್ಡು ಬೀಳಲ್ಲ. ಕಾನೂನಿನ ಕಣ್ಣಿನಲ್ಲಿ 18 ತುಂಬದವರೆಲ್ಲ ಮಕ್ಕಳೇ. ಮೀಸೆ ಬಂದಿದ್ದರೂ ಮಕ್ಕಳೇ. ಮಗು ಯಾರ ಕೈಗೆ ಸಿಕ್ಕಿತೋ ಅವರು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಒಬ್ಬ ಅಧ್ಯಕ್ಷರು, ನಾಲ್ಕು ಜನ ಸದಸ್ಯರು. ಮನೆಗೆ ಕಳಿಸುವುದೋ, ಬಾಲಮಂದಿರವೋ, ಬೇರೆ ದಾರಿಯೋ ಅಂತ ತೀರ್ಮಾನ ಮಾಡೋದು ಅವರು. ನಾನಲ್ಲ, ನೀವಲ್ಲ, ಪೊಲೀಸರೂ ಅಲ್ಲ.

ಆದರೆ ಫೋನ್ ಮಾಡಿ, ಅವರು ಬರುವ ತನಕದ ಹೊತ್ತು ಇದೆಯಲ್ಲ, ಅದನ್ನು ಯಾರೂ ಹೇಳಿಕೊಡಲ್ಲ. ಪಕ್ಕದಲ್ಲಿ ಕೂರಿ. ಎದುರಿಗೆ ನಿಂತು ಮಾತಾಡಿದರೆ ವಿಚಾರಣೆ ಆಗುತ್ತದೆ. ಮೊದಲು ಊಟ ಆಯಿತಾ ಅಂತ ಕೇಳಿ. "ಯಾಕೋ ಓಡಿಬಂದೆ?" ಅಂತ ಕೇಳಲೇಬೇಡಿ. ಅಪ್ಪನ ನಂಬರ್ ಕೊಟ್ಟ ತಕ್ಷಣ ಅಪ್ಪನಿಗೆ ಫೋನ್ ಹಚ್ಚಬೇಡಿ. ಓಡಿಬರಲು ಕಾರಣವೇ ಅಪ್ಪ ಇರಬಹುದು. ಮನೆಗೆ ಕರೆದುಕೊಂಡು ಹೋಗಬೇಡಿ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಆದರೂ. ಯಾರಿಗೆ ಫೋನ್ ಮಾಡಿದೆ, ಯಾರು ಬರುತ್ತಾರೆ ಅಂತ ಅವನಿಗೆ ಮೊದಲೇ ಹೇಳಿ. ಹೇಳದೆ ಜೀಪು ಬಂದು ನಿಂತರೆ ಆ ಮಗು ಇನ್ನು ಯಾರನ್ನೂ ನಂಬಲ್ಲ.

ಸೋಗೆ ಗುಡಿಸಲು · ಸೋಮವಾರ, ಬೆಳಿಗ್ಗೆ 6:05

ನಾನು ಮಂಡ್ಯ ಕಡೆ ಪ್ರೈಮರಿ ಶಾಲೆ ಮೇಷ್ಟ್ರು. ಬಸ್ ಸ್ಟ್ಯಾಂಡಿನಲ್ಲಿ ಮಲಗಿದವರು ಹೇಗೋ ಕಣ್ಣಿಗೆ ಬೀಳ್ತಾರೆ. ನಮ್ಮ ಕಡೆ ಇರೋರು ಗದ್ದೆ ಬದಿಯಲ್ಲಿ.

ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ಕೂಲಿಯವರು ಸಂಸಾರ ಸಮೇತ ಬರುತ್ತಾರೆ. ಮೇಸ್ತ್ರಿ ಹತ್ತಿರ ಮುಂಗಡ ತಗೊಂಡಿರ್ತಾರೆ. ರಸ್ತೆ ಪಕ್ಕ ಟಾರ್ಪಾಲು, ಸೋಗೆ ಹೊದಿಸಿ ಟೆಂಟು. ಅಪ್ಪ ಅಮ್ಮ ಬೆಳಗಿನ ಜಾವವೇ ಗದ್ದೆಗೆ ಹೋದರೆ ಟೆಂಟಿಗೆ ಕಾವಲು ಎಂಟು ವರ್ಷದ ಅಕ್ಕ, ಅವಳ ಸೊಂಟದಲ್ಲಿ ತಮ್ಮ. ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದವರು. ಅವರ ಮಕ್ಕಳಿಗೆ ನಮ್ಮ ಭಾಷೆಯೂ ಬರಲ್ಲ. ಇವರನ್ನು ಯಾರೂ 'ಮನೆ ಇಲ್ಲದ ಮಕ್ಕಳು' ಅನ್ನಲ್ಲ. "ಕಬ್ಬಿನವರ ಮಕ್ಕಳು" ಅಂತಾರೆ, ಅಲ್ಲಿಗೆ ಮುಗೀತು.

ಶಾಲೆಗೆ ಕಳಿಸಿ ಅಂದರೆ "ಟಿಸಿ ಇಲ್ಲ ಸಾಮಿ" ಅಂತಾರೆ. ಟಿಸಿ ಇಲ್ಲ, ಹುಟ್ಟಿದ ಪ್ರಮಾಣಪತ್ರ ಇಲ್ಲ ಅಂತ 6ರಿಂದ 14ರ ಒಳಗಿನ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಕೂರಿಸಬೇಕು. ನಾನು ಕೂರಿಸಿದ್ದೇನೆ. ನಾಲ್ಕು ತಿಂಗಳು ಬಿಸಿಯೂಟ ಉಂಡು, 'ಅ ಆ' ತಿದ್ದಿ, ಒಂದು ಸೋಮವಾರ ಬಂದು ನೋಡಿದರೆ ಬೆಂಚು ಖಾಲಿ. ಟೆಂಟು ಕಿತ್ತುಕೊಂಡು ಹೋಗಿರ್ತಾರೆ. ಹಾಜರಿ ಪುಸ್ತಕದಲ್ಲಿ ಆ ಹೆಸರು ಹೊಡೆದುಹಾಕಲು ಕೈ ಬರಲ್ಲ ಕಣ್ರಿ.

ಇನ್ನೊಂದು ಮಾತು. 2011ರ ಜನಗಣತಿಯಲ್ಲಿ ನಾನೂ ಎಣಿಕೆಗೆ ಹೋಗಿದ್ದೆ. ಮನೆ ಇಲ್ಲದವರನ್ನು ಎಣಿಸೋಕೆ ಇದ್ದಿದ್ದು ಒಂದೇ ರಾತ್ರಿ, ಫೆಬ್ರವರಿ 28. ಟಾರ್ಚ್ ಹಿಡಿದು ಗುಡಿ ಜಗಲಿ, ಸೇತುವೆ ಕೆಳಗೆ, ಅಂಗಡಿ ಮುಂಗಟ್ಟು ಎಲ್ಲ ಸುತ್ತಿದ್ವಿ. ದೇಶಕ್ಕೆಲ್ಲ ಸೇರಿ ಸುಮಾರು 17.7 ಲಕ್ಷ ಅಂತ ಲೆಕ್ಕ ಬಂತು. ಈಗ ಕಾಫಿ ಅವರ ಬರಹ ಓದುವಾಗ ಹೊಳೆಯಿತು. ಫೆಬ್ರವರಿ ಅಂದರೆ ಮದುವೆ ಕಾಲ! ಒಬ್ಬಟ್ಟಿನ ಹುಡುಗನಂಥವರು ಅವತ್ತು ಕಲ್ಯಾಣ ಮಂಟಪದ ಒಳಗೆ ಮಲಗಿರುತ್ತಾರೆ. ನಾವು ಮಂಟಪದ ಬಾಗಿಲು ತಟ್ಟಲಿಲ್ಲ.

ಸೌದೆ ಒಲೆ · ಸೋಮವಾರ, ಮಧ್ಯಾಹ್ನ 2:30

ಎಲ್ಲರೂ ಮಂಟಪ ಮಂಟಪ ಅಂತಿದ್ದೀರಿ. ನಾನು ಮದುವೆ ಅಡುಗೆ ಕಂಟ್ರಾಕ್ಟ್ ಹಿಡಿಯೋನು, 22 ವರ್ಷ ಆಯಿತು. ಬಡಿಸೋಕೆ ಹುಡುಗರನ್ನ ನಾನೇ ಕರೀತೀನಿ. ಎಲ್ಲಿಂದ ಬಂದೆ, ಏನು ಅಂತ ಕೇಳಲ್ಲ. ಕೇಳಿದ್ರೆ ಬರಲ್ಲ. ಕೂಲಿ ಕೊಡ್ತೀನಿ, ಮೂರು ಹೊತ್ತು ಊಟ ಹಾಕ್ತೀನಿ. ಬೀದಿಯಲ್ಲಿ ಬಿದ್ದಿರೋದಕ್ಕಿಂತ ಇದು ವಾಸಿ ಅಲ್ವಾ? ನಮ್ಮನ್ನ ಕಳ್ಳರ ಹಾಗೆ ನೋಡಬೇಡಿ.

ಆಷಾಢಕ್ಕೆ ನನಗೇ ಕೆಲಸ ಇರಲ್ಲ ಸ್ವಾಮಿ. ಧನುರ್ಮಾಸದಲ್ಲೂ ಇಲ್ಲ. ನನ್ನ ಮನೆ ಬಾಡಿಗೆನೇ ಕಷ್ಟ ಆಗುತ್ತೆ. ಅವರನ್ನ ಎಲ್ಲಿ ಇಟ್ಕೊಳ್ಳಲಿ?

ಹಳೇ ಡೈರಿ · ಸೋಮವಾರ, ಮಧ್ಯಾಹ್ನ 3:10

ಒಲೆ ಅವರೇ, ನೀವು ಇಲ್ಲಿಗೆ ಬಂದು ಬರೆದಿರಲ್ಲ, ಅದಕ್ಕೇ ನನಗೆ ಖುಷಿ. ನಿಮ್ಮನ್ನು ಕಳ್ಳ ಅನ್ನಲ್ಲ. ಆದರೆ ಒಂದು ಕೇಳುತ್ತೇನೆ. ಮುಹೂರ್ತ ಏಳಕ್ಕೆ ಇದ್ದರೆ ಒಲೆ ಹಚ್ಚೋದು ಎಷ್ಟು ಹೊತ್ತಿಗೆ?

ಸೌದೆ ಒಲೆ · ಸೋಮವಾರ, ಮಧ್ಯಾಹ್ನ 3:14

ಮೂರಕ್ಕೆ.

ಹಳೇ ಡೈರಿ · ಸೋಮವಾರ, ಮಧ್ಯಾಹ್ನ 3:31

14 ತುಂಬದವರನ್ನು ಕೆಲಸಕ್ಕೇ ಇಟ್ಟುಕೊಳ್ಳುವ ಹಾಗಿಲ್ಲ. 14ರಿಂದ 18ರವರನ್ನು ಅಪಾಯ ಇಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಆದರೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದು. ವಿರಾಮವೂ ಸೇರಿ ದಿನಕ್ಕೆ 6 ಗಂಟೆ ದಾಟಬಾರದು. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿ ಹೀಗೆ ಮಾಡಿದ್ದಾರೆ. ಮದುವೆ ಮನೆಯ ಕೆಲಸ ಇರೋದೇ ಆ ಹೊತ್ತಿನಲ್ಲಿ ಅಲ್ವಾ? ಕಾರ್ಮಿಕ ಕಾನೂನು ಮೀರಿ ದುಡಿಯುತ್ತಿರುವ ಮಗುವನ್ನು ಬಾಲನ್ಯಾಯ ಕಾಯ್ದೆ 'ಆರೈಕೆ ಮತ್ತು ರಕ್ಷಣೆ ಬೇಕಾದ ಮಗು' ಅನ್ನುತ್ತದೆ. ಬಸ್ ಸ್ಟ್ಯಾಂಡಿಗೆ ಬರುವ ತನಕ ಕಾಯಬೇಕಾಗಿಲ್ಲ. ನಿಮ್ಮ ಹತ್ತಿರ ಇದ್ದಾಗಲೇ 1098ಕ್ಕೆ ಹೇಳಬಹುದು.

ಸೌದೆ ಒಲೆ · ಸೋಮವಾರ, ಮಧ್ಯಾಹ್ನ 3:36

ಹೇಳಿದ್ರೆ ಮೊದಲು ನನ್ನನ್ನೇ ಹಿಡ್ಕೊಂಡು ಹೋಗ್ತಾರೆ.

ಸೈಕಲ್ ತುಳಿಯೋನು · ಸೋಮವಾರ, ಮಧ್ಯಾಹ್ನ 3:50

ನೋಡಿದ್ರಾ? ಇದಕ್ಕೇ ಯಾರೂ ಫೋನ್ ಮಾಡಲ್ಲ. ಡೈರಿ ಮೇಡಂಗೆ ಇದಕ್ಕೆ ಉತ್ತರ ಇದೆಯಾ?

ಹಳೇ ಡೈರಿ · ಸೋಮವಾರ, ಸಂಜೆ 5:02

ಪೂರ್ತಿ ಉತ್ತರ ಇಲ್ಲ. ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಇಟ್ಟವರಿಗೆ ಶಿಕ್ಷೆ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ನನ್ನ ಕಾಲದಲ್ಲಿ ತಾವಾಗಿಯೇ ಬಂದು ಹೇಳಿದ ಹೋಟೆಲಿನವರು ಇದ್ದರು. ಎರಡು ಮೂರು ಜನ. ಅವರಿಂದ ಸಿಕ್ಕಿದಷ್ಟು ಮಕ್ಕಳು ನಮಗೆ ದಾಳಿಯಲ್ಲಿ ಸಿಗಲಿಲ್ಲ. ದಾಳಿ ಅಂದರೆ ಹುಡುಗರು ಹಿತ್ತಿಲ ಬಾಗಿಲಿಂದ ಓಡುತ್ತಾರೆ.

ವಿಳಾಸ ಕಾಲಂ · ಸೋಮವಾರ, ರಾತ್ರಿ 11:48

ಬರೆಯಬೇಕೋ ಬೇಡವೋ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೆ.

ನಾನು ಬಾಲಮಂದಿರದಲ್ಲಿ ಬೆಳೆದವನು. ಊರು ಹೇಳಲ್ಲ. ಅಲ್ಲಿ ಊಟ, ಬಟ್ಟೆ, ಓದು, ಯಾವುದಕ್ಕೂ ತೊಂದರೆ ಇರಲಿಲ್ಲ. ತೊಂದರೆ ಶುರುವಾಗಿದ್ದು 18ಕ್ಕೆ. ಬೇರೆ ಹುಡುಗರು 18 ಆದರೆ ಬೈಕ್ ಲೈಸೆನ್ಸ್ ಅಂತ ಕುಣಿಯುತ್ತಾರೆ. ನಾವು ಒಂದು ವರ್ಷ ಮೊದಲಿಂದಲೇ ತಾರೀಕು ಎಣಿಸುತ್ತಾ ಹೆದರುತ್ತೇವೆ. ಹುಟ್ಟಿದ ದಿನ ಯಾವುದು ಅಂತ ನನಗೆ ನಿಜವಾಗಿ ಗೊತ್ತಿಲ್ಲ. ಡಾಕ್ಟರ್ ಅಂದಾಜು ಮಾಡಿ ಬರೆದ ತಾರೀಕು ಅದು. ಆ ಅಂದಾಜಿನ ದಿನ ಒಂದು ಬ್ಯಾಗು, ಎಸೆಸೆಲ್ಸಿ ಮಾರ್ಕ್ಸ್ ಕಾರ್ಡು ಹಿಡಿದು ಹೊರಗೆ ಬಂದೆ.

ಅನುಪಾಲನೆ ಅಂತ ಇದೆ. 18 ದಾಟಿದವರಿಗೆ 21ರವರೆಗೆ ಸಹಾಯ, ಕೆಲವರಿಗೆ 23ರವರೆಗೂ. ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರ ಸರ್ಕಾರದ ಮಕ್ಕಳ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ. ನನಗೆ ಇದು ಗೊತ್ತಾಗಿದ್ದು ಹೊರಗೆ ಬಂದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ. ಮಾಲೀಕರು ಒಳ್ಳೆಯವರು, ರಾತ್ರಿ ಅಂಗಡಿ ಒಳಗೆ ಮಲಗಲು ಬಿಟ್ಟರು. ಹೊರಗಿನಿಂದ ಶಟರ್ ಎಳೆದು ಬೀಗ ಹಾಕಿಕೊಂಡು ಹೋಗುತ್ತಿದ್ದರು. ರಾತ್ರಿ ಹೊಟ್ಟೆ ಕೆಟ್ಟರೆ ಏನು ಮಾಡಬೇಕು ಅಂತ ಯಾರೂ ಯೋಚಿಸಿರಲ್ಲ ಅಲ್ವಾ? ನಾನು ಯೋಚಿಸಿದ್ದೇನೆ. ರಾತ್ರಿ ಊಟ ಕಮ್ಮಿ ಮಾಡಿದ್ದೆ.

ಬಾಡಿಗೆಗೆ ರೂಮು ಕೇಳಲು ಹೋದರೆ ಮೊದಲ ಪ್ರಶ್ನೆ "ಅಪ್ಪ ಅಮ್ಮ ಎಲ್ಲಿ?" ಎರಡನೆಯದು "ಯಾವ ಜನ?" ಎರಡಕ್ಕೂ ನನ್ನಲ್ಲಿ ಉತ್ತರ ಇಲ್ಲ. ಅಡ್ವಾನ್ಸ್ ದುಡ್ಡು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ, ಆದರೂ "ಸಂಸಾರಸ್ಥರಿಗೆ ಕೊಡೋದು" ಅಂದರು. ಸಿಮ್ ತಗೊಳ್ಳಲಿ, ಬ್ಯಾಂಕಿಗೆ ಹೋಗಲಿ, ಕೆಲಸದ ಅರ್ಜಿ ಬರೆಯಲಿ, 'ಖಾಯಂ ವಿಳಾಸ' ಅನ್ನೋ ಕಾಲಂ ಬಂದರೆ ಪೆನ್ನು ನಿಲ್ಲುತ್ತೆ. ಈಗಲೂ.

ಆಷಾಢ ಶುಕ್ರವಾರ ಅಂದರೆ ನಮಗೆ ಹಬ್ಬ. ನಮಗೆ ಅಂದರೆ ನನ್ನಂಥ ಆರೇಳು ಜನಕ್ಕೆ. ಚಾಮುಂಡಿ ಬೆಟ್ಟದಲ್ಲಿ ಭಕ್ತರು ಪ್ರಸಾದ ಹಂಚುತ್ತಾರಲ್ಲ, ಅವತ್ತು ಯಾರೂ ನಮ್ಮನ್ನು ಬೇರೆ ಕಣ್ಣಿನಲ್ಲಿ ನೋಡಲ್ಲ. ಎಲ್ಲರೂ ಸಾಲಿನಲ್ಲಿ ನಿಂತಿರುತ್ತಾರೆ, ನಾವೂ ನಿಂತಿರುತ್ತೇವೆ. ಕಾಫಿ ಸಾರ್ ಹೇಳಿದ ಹುಡುಗನೂ ಅಲ್ಲಿಗೆ ಬಂದಿರುತ್ತಾನೆ, ನೂರಕ್ಕೆ ನೂರು.

ಈಗ ನಾಲ್ಕು ಜನ ಸೇರಿ ಒಂದು ರೂಮು ಮಾಡಿದ್ದೇವೆ. ಚೆನ್ನಾಗಿದ್ದೇನೆ. ಅಯ್ಯೋ ಪಾಪ ಅಂತ ಯಾರೂ ಬರೆಯಬೇಡಿ.

ಮಲ್ಲಿಗೆ ಮೊಳ · ಮಂಗಳವಾರ, ಬೆಳಿಗ್ಗೆ 7:20

ಇಷ್ಟು ಹೊತ್ತೂ ಬರೀ ಹುಡುಗರ ಮಾತೇ ಆಯಿತು. ಹೆಣ್ಣುಮಕ್ಕಳು ಎಲ್ಲಿ?

ನಾನು ದೇವರಾಜ ಮಾರ್ಕೆಟ್ ಹತ್ತಿರ ಹೂವು ಕಟ್ಟೋಳು. ಒಂಟಿ ಹುಡುಗಿ ಒಂದು ರಾತ್ರಿ ಹೊರಗೆ ಇದ್ದರೆ ಎರಡನೇ ರಾತ್ರಿ ಅಲ್ಲಿ ಇರಲ್ಲ. ಯಾರೋ "ಬಾ ಮಗಳೇ, ಕೆಲಸ ಕೊಡಿಸ್ತೀನಿ" ಅಂತ ಕರೆದುಕೊಂಡು ಹೋಗಿರ್ತಾರೆ. ಅದಕ್ಕೇ ಬೀದಿಯಲ್ಲಿ ಹುಡುಗಿಯರು ಕಾಣಲ್ಲ. ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ. ಹೋದ ವರ್ಷ ಒಂದು ಹುಡುಗಿ ಮದುವೆ ಬೇಡ ಅಂತ ಹಳ್ಳಿಯಿಂದ ಬಸ್ ಹತ್ತಿ ಬಂದಿದ್ದಳು, ಹದಿನೈದು ವರ್ಷ. ನನ್ನ ಪಕ್ಕ ಕೂರಿಸಿಕೊಂಡು ಹೂವು ಬಿಡಿಸು ಅಂದೆ. ಹೂವು ಬಿಡಿಸ್ತಾ ಬಿಡಿಸ್ತಾ ಎಲ್ಲ ಹೇಳಿದಳು. ಆಮೇಲೆ ಅವಳಿಗೆ ಹೇಳಿಯೇ ಫೋನ್ ಮಾಡಿಸಿದೆ. ಡೈರಿ ಅಕ್ಕ ಹೇಳಿದ್ದು ಸರಿ, ಪಕ್ಕದಲ್ಲಿ ಕೂರಬೇಕು.

ಹಳೇ ಡೈರಿ · ಮಂಗಳವಾರ, ಬೆಳಿಗ್ಗೆ 8:45

ಮಲ್ಲಿಗೆ ಅವರೇ, ನಿಮಗೆ ಕೈಮುಗಿದೆ. ಮದುವೆ ಮಾಡಿಬಿಡುತ್ತಾರೆ ಅನ್ನೋ ಅಪಾಯದಲ್ಲಿರುವ ಹುಡುಗಿಯೂ ಕಾನೂನಿನಲ್ಲಿ ರಕ್ಷಣೆ ಬೇಕಾದ ಮಗುವೇ. ಕಾಫಿ ಸಾರ್, ಇದೂ ಬೋರ್ಡಿನಲ್ಲಿ ಬರಲಿ.

ವಿಳಾಸ ಅವರಿಗೆ: ಅಯ್ಯೋ ಪಾಪ ಅನ್ನಲ್ಲ. ನಿಮ್ಮ ಹಿಂದೆ ಬರುವ ಹುಡುಗರಿಗೆ 17ರಲ್ಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅನುಪಾಲನೆ ಕೇಳಲು ಹೇಳಿ. ನೀವು ಹೇಳಿದರೆ ಕೇಳುತ್ತಾರೆ, ನಾನು ಹೇಳಿದರೆ ಭಾಷಣ. ಇನ್ನು 18 ದಾಟಿದವರಿಗೆ ಊರಿನ ಜವಾಬ್ದಾರಿಯೂ ಇದೆ. ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವ ಒಂದು ರಾತ್ರಿ ತಂಗುದಾಣ ಇರಬೇಕು ಅನ್ನೋದು ನಗರಗಳಿಗೆ ಹಾಕಿಕೊಟ್ಟ ಲೆಕ್ಕ. ಮೈಸೂರು 2011ರಲ್ಲೇ ಸುಮಾರು 9 ಲಕ್ಷ. ನಿಮ್ಮ ವಾರ್ಡಿಗೆ ಹತ್ತಿರದ ತಂಗುದಾಣ ಎಲ್ಲಿದೆ ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಸೈಕಲ್ ತುಳಿಯೋನು · ಮಂಗಳವಾರ, ಬೆಳಿಗ್ಗೆ 9:30

ನನಗೆ ಗೊತ್ತಿಲ್ಲ. ಒಪ್ಕೋತೀನಿ.

ಬೋರ್ಡಿನ ವಿಷಯದಲ್ಲಿ ಮಾತ್ರ ಒಂದು ಹೇಳ್ತೀನಿ. ಪೆಂಡಾಲಿನಲ್ಲಿ ಹಾಕಿದರೆ ಹನ್ನೊಂದು ದಿನ, ಆಮೇಲೆ ಗುಜರಿಗೆ. ಅದರ ಬದಲು ಕಲ್ಯಾಣ ಮಂಟಪದ ಅಡುಗೆ ಮನೆಯಲ್ಲಿ, ಕೈ ತೊಳೆಯುವ ಜಾಗದಲ್ಲಿ ಅಂಟಿಸಿ. ಆ ಹುಡುಗರೇ ಓದಲಿ. ನಾವು ಓದಿ ಏನು ಮಾಡ್ತೀವಿ?

ಕುವೆಂಪುನಗರದ ಕಾಫಿ · ಶನಿವಾರ, ಸಂಜೆ 6:40

ತಡ ಆಯಿತು. ಮೂರು ದಿನ ಬೆಳಗಿನ ಜಾವ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಸಿಗಲಿಲ್ಲ. ನಿನ್ನೆ ಶುಕ್ರವಾರ ಬೆಟ್ಟಕ್ಕೂ ಹೋದೆ. ಆ ಜನಜಂಗುಳಿಯಲ್ಲಿ ಯಾರನ್ನ ಅಂತ ಹುಡುಕೋದು? ಮೂರು ಕಡೆ ಪ್ರಸಾದದ ಸಾಲಿನ ಹಿಂದೆ ಮುಂದೆ ಓಡಾಡಿದೆ. ಹೆಂಡತಿ "ಏನ್ರೀ, ಪ್ರಸಾದ ಮೂರು ಸಲ ತಿನ್ನೋ ಪ್ಲಾನಾ?" ಅಂದಳು. ಆಮೇಲೆ ವಿಷಯ ಹೇಳಿದೆ, ಒಬ್ಬಟ್ಟಿನ ಸಮೇತ. ಬೈದಳು. ಬೈದು, ಅವಳೂ ಹುಡುಕಿದಳು.

1098ಕ್ಕೆ ಫೋನ್ ಮಾಡಿದೆ. ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗಿದ್ದ ಅಂತ ಸಮಾಧಾನವಾಗಿ ಕೇಳಿ ಬರೆದುಕೊಂಡರು. ನನಗೆ ಹೇಳಲು ಗೊತ್ತಿದ್ದಿದ್ದು ತುಂಬಾ ಕಮ್ಮಿ.

ಬೋರ್ಡು ಹೀಗೆ ಅಂತ ಸದ್ಯಕ್ಕೆ ತೀರ್ಮಾನ. ಮೇಲೆ ದೊಡ್ಡದಾಗಿ 1098. ಕೆಳಗೆ: 'ನಿನಗೆ 18 ತುಂಬಿಲ್ಲವಾ? ಇವತ್ತು ರಾತ್ರಿ ಮಲಗಲು ಜಾಗ ಇಲ್ಲವಾ? ಮನೆಗೆ ಹೋಗಲು ಭಯವಾ? ಮದುವೆ ಮಾಡಿಬಿಡುತ್ತಾರೆ ಅಂತ ಓಡಿಬಂದಿದ್ದೀಯಾ? ಯಾರ ಫೋನಿನಿಂದ ಬೇಕಾದರೂ ಮಾಡು, ದುಡ್ಡು ಬೀಳಲ್ಲ.' ಫೋಟೋ ಇಲ್ಲ. ಸೈಕಲ್ ಹೇಳಿದ ಹಾಗೆ ಪೆಂಡಾಲಿಗೆ ಒಂದು, ಮಂಟಪಗಳಿಗೆ ಮೂವತ್ತು. ಸಂಘದಲ್ಲಿ ಈಗ ಜಗಳ ನಡೆಯುತ್ತಿರೋದು ದಾನಿಗಳ ಹೆಸರು ಎಷ್ಟು ದೊಡ್ಡದಾಗಿ ಇರಬೇಕು ಅಂತ. ಅದು ನನಗೆ ಬಿಡಿ, ನೋಡಿಕೊಳ್ಳುತ್ತೇನೆ.

ಸೋಗೆ ಗುಡಿಸಲು · ಶನಿವಾರ, ರಾತ್ರಿ 8:15

ಹತ್ತು ಬೋರ್ಡು ಮಂಡ್ಯಕ್ಕೂ ಕೊಡಿ. ನಾಲ್ಕು ಹಿಂದಿಯಲ್ಲಿ ಇರಲಿ, ಆಲೆಮನೆಗಳಿಗೆ.

ಸೌದೆ ಒಲೆ · ಶನಿವಾರ, ರಾತ್ರಿ 10:50

ಕಾಫಿ ಸಾರ್, ನಾಲ್ಕು ದಿನದಿಂದ ಸುಮ್ನೆ ಓದ್ತಾ ಇದ್ದೆ. ಶ್ರಾವಣ ಹುಟ್ಟಿದರೆ ಹುಡುಗರು ವಾಪಸ್ ಬರ್ತಾರೆ. ಆ ಹುಡುಗನ ಹೆಸರೇನು?

ಕುವೆಂಪುನಗರದ ಕಾಫಿ · ಶನಿವಾರ, ರಾತ್ರಿ 10:58

ಕೇಳಲಿಲ್ಲ.

ಸೌದೆ ಒಲೆ · ಶನಿವಾರ, ರಾತ್ರಿ 11:04

ಹೋಗಲಿ ಬಿಡಿ. ಯಾವ ತಾರೀಕು, ಯಾವ ಮಂಟಪ ಅಂತ ನನಗೆ ಬೇರೆಯಾಗಿ ಮೆಸೇಜ್ ಹಾಕಿ. ಅವತ್ತು ಯಾರ ಕಂಟ್ರಾಕ್ಟ್ ಅಂತ ವಿಚಾರಿಸ್ತೀನಿ. ಒಬ್ಬಟ್ಟು ಬಡಿಸೋಕೆ ಎಲ್ಲರನ್ನೂ ಬಿಡಲ್ಲ, ಕೈ ಚುರುಕು ಇರೋರೇ ಬೇಕು. ಆ ಹುಡುಗರು ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತಿರ್ತಾರೆ. ಡೈರಿ ಅಕ್ಕನಿಗೂ ಹೇಳಿ, ಸಿಕ್ಕಿದರೆ ಫೋನ್ ಮಾಡುವಾಗ ನನ್ನ ಪಕ್ಕ ಇರಬೇಕು ಅಂತ.